ಹೆಣ್ಣು ನೋಡಿ ವಾಪಸ್ ಬರುವಾಗ ಕಾರಲ್ಲಿ ನಾಲ್ಕು ಊಹೆ: ಎದುರಿನವರ ಮನಸ್ಸು ನಮಗೆ ನಿಜಕ್ಕೂ ಎಷ್ಟು ಗೊತ್ತಾಗುತ್ತೆ?

ಸಾಲಗಾಮೆ ರಸ್ತೆ ಮಾವ (ಹಾಸನ):

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ಅಕ್ಕನ ಮಗನಿಗೆ ಹೆಣ್ಣು ನೋಡೋಕೆ ಸಖರಾಯಪಟ್ಟಣದ ಹತ್ತಿರ ಒಂದು ಹಳ್ಳಿಗೆ ಹೋಗಿದ್ದೆವು. ಕಾರು ನನ್ನದು, ಡ್ರೈವರ್ರೂ ನಾನೇ. ಜೊತೆಗೆ ಅಕ್ಕ, ಭಾವ, ನಮ್ಮ ಮನೆಯವಳು ಮತ್ತು ಹುಡುಗ. ಮನೆ ಚೆನ್ನಾಗಿತ್ತು. ಹುಡುಗಿ ಬಂದು ಕೂತಳು, ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು. ಹುಡುಗಿಯ ತಾಯಿ ಮಾತ್ರ ಒಂಥರಾ ಇದ್ದರು. ಉಪ್ಪಿಟ್ಟಿನ ತಟ್ಟೆ ತಂದು ಟೀಪಾಯಿ ಮೇಲೆ ಇಟ್ಟ ರಭಸಕ್ಕೆ ಚಮಚ ಕೆಳಗೆ ಬಿತ್ತು. ಅವರು ನೋಡಲೂ ಇಲ್ಲ. 'ತಗೊಳ್ಳಿ' ಅಂದು ಒಳಗೆ ಹೋದವರು ಎಷ್ಟೋ ಹೊತ್ತು ಪತ್ತೆ ಇಲ್ಲ. ಆಮೇಲೆ ಬಂದು, ಸೆರಗಲ್ಲಿ ಕೈ ಒರೆಸಿಕೊಂಡು ಕೂತರು. ಭಾವ ಏನೋ ಕೇಳಿದರು, 'ಹೂಂ' ಅಂದು ಮತ್ತೆ ಎದ್ದು ಹೋದರು.

ವಾಪಸ್ ಹೊರಟೆವು. ಚಿಕ್ಕಮಗಳೂರು ದಾಟುವಷ್ಟರಲ್ಲಿ ಕಾರೊಳಗೆ ಪಂಚಾಯ್ತಿ ಶುರು. ಅಕ್ಕ ಹೇಳಿದ್ದು, 'ತಟ್ಟೆ ಕುಕ್ಕಿದ್ದು ನೋಡಿದ್ಯಾ? ನಮ್ಮನ್ನ ಕಂಡರೆ ತಾತ್ಸಾರ ಆಕೆಗೆ.' ಭಾವ ಹೇಳಿದ್ದು, 'ತಾತ್ಸಾರ ಅಲ್ಲ ಕಣೆ, ಹುಡುಗನ ಸಂಬಳ ಕೇಳಿ ಮುಖ ಸಣ್ಣ ಆಯ್ತು.' ಭಾವನದು ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆ ಮಂಡಿ. ಬಿತ್ತನೆ ಗಡ್ಡೆ ತಗೊಳ್ಳೋಕೆ ಬಂದ ರೈತನ ಮುಖ ನೋಡಿದರೆ ಎಷ್ಟು ಮೂಟೆಗೆ ಬಂದಿದಾನೆ, ಎಷ್ಟು ರೇಟಿಗೆ ಒಪ್ತಾನೆ ಎರಡೂ ಗೊತ್ತಾಗುತ್ತೆ ಅನ್ನೋದು ಅವರ ಹಳೇ ಮಾತು. ನಮ್ಮ ಮನೆಯವಳದು ಇನ್ನೊಂದು: 'ಹುಡುಗಿ ಮನಸ್ಸಲ್ಲಿ ಬೇರೆ ಯಾರೋ ಇದಾರೆ. ತಾಯಿಗೆ ಅದು ಗೊತ್ತು. ಹೆಂಗಸರಿಗೆ ಇವೆಲ್ಲ ತಕ್ಷಣ ತಿಳಿಯುತ್ತೆ, ನಿಮಗೆಲ್ಲಿ.' ಹುಡುಗ ಮಾತ್ರ ಖುಷಿಯಾಗಿದ್ದ. 'ಅವರಿಗೆ ನಾನು ಒಪ್ಪಿಗೆ. ನನಗೂ ಒಪ್ಪಿಗೆ ಅಂತ ಅವರಿಗೂ ಗೊತ್ತಾಗಿದೆ, ಎರಡು ಸಲ ಕೇಸರಿಬಾತ್ ಹಾಕಿಸ್ಕೊಂಡೆ ನೋಡಲಿಲ್ವಾ?' ಬೇಲೂರಲ್ಲಿ ಕಾಫಿ ಕುಡಿಯೋಕೆ ನಿಲ್ಲಿಸಿದಾಗಲೂ ಇದೇ. ನಾನು ಬರೀ ಕೇಳಿಸಿಕೊಂಡೆ. ಘಾಟಿ ಇಲ್ಲದ ರಸ್ತೆಯಾದರೂ ಹಂಪುಗಳು ಜಾಸ್ತಿ.

ಎರಡು ದಿನ ಬಿಟ್ಟು ಬ್ರೋಕರ್ ಫೋನ್ ಮಾಡಿದರು. ಅವತ್ತು ಬೆಳಗ್ಗೆಯಿಂದ ಅವರ ಮನೆ ಹಸು ಕರು ಹಾಕೋಕೆ ಒದ್ದಾಡ್ತಿತ್ತಂತೆ. ಕರು ಅಡ್ಡ ತಿರುಗಿತ್ತಂತೆ. ಪಶು ಡಾಕ್ಟರು ಬೇರೆ ಊರಲ್ಲಿದ್ದು ಬರೋದು ತಡವಾಯ್ತಂತೆ. ಆ ತಾಯಿ ಕೊಟ್ಟಿಗೆಗೂ ನಡುಮನೆಗೂ ಓಡಾಡ್ತಾ ಇದ್ದರು. ನಮಗೆ ಯಾಕೆ ಹೇಳಲಿಲ್ಲ ಅಂದರೆ, ಬಂದ ನೆಂಟರ ಎದುರು ಕಷ್ಟದ ಮಾತು ಬೇಡ ಅಂತ. ಇನ್ನೊಂದು ವಿಷಯ ಕೇಳಿ. ನಮ್ಮ ಹುಡುಗ ಅಷ್ಟೂ ಹೊತ್ತು ಮೊಬೈಲ್ ನೋಡ್ತಿದ್ದನಂತೆ, ಅವನಿಗೆ ಇಷ್ಟ ಇಲ್ಲ ಅಂತ ಅವರು ತಿಳಿದಿದ್ದಾರೆ!

ಈಗ ನನ್ನ ಪ್ರಶ್ನೆ. ಇದನ್ನ ಯಾರಾದರೂ ಸರಿಯಾಗಿ ಅಳೆದು ನೋಡಿದ್ದಾರಾ? ಎದುರಿನವರ ಮನಸ್ಸಲ್ಲಿ ಏನಿದೆ ಅಂತ ನಾವು ಊಹಿಸಿದ್ದು ನೂರಕ್ಕೆ ಎಷ್ಟು ಸರಿ? ಹೆಂಗಸರಿಗೆ ಜಾಸ್ತಿ ಗೊತ್ತಾಗುತ್ತೆ ಅನ್ನೋದು ನಿಜವಾ? ವರ್ಷಗಟ್ಟಲೆ ಜೊತೆಗಿದ್ದರೆ ಊಹೆ ಪಕ್ಕಾ ಆಗುತ್ತಾ? ಸುಮ್ನೆ ಕಥೆ ಬೇಡ, ಗೊತ್ತಿರೋರು ಹೇಳಿ.

ಎಸ್ಟೇಟ್ ರೈಟರು (ಮೂಡಿಗೆರೆ):

ಸಾರ್, ನಿಮ್ಮ ಕಾರಲ್ಲಿದ್ದವರಿಗೆ ಅಭ್ಯಾಸ ಇಲ್ಲ ಅಷ್ಟೆ. ನನಗೆ ಕೆಲಸವೇ ಅದು. ಸಂಜೆ ಕಾಫಿ ಹಣ್ಣು ತೂಕ ಹಾಕುವಾಗ ಲೈನಲ್ಲಿ ನಿಂತವರ ಮುಖ ನೋಡಿದರೆ ಸಾಕು, ನಾಳೆ ಯಾರು ಕೆಲಸಕ್ಕೆ ಬರಲ್ಲ ಅಂತ ಹೇಳ್ತೀನಿ. ಸುಳ್ಳು ಹೇಳಿದರಂತೂ ತಕ್ಷಣ ಗೊತ್ತಾಗುತ್ತೆ. ಒಂದು ಟ್ರೈನಿಂಗಿಗೆ ಕಳಿಸಿದ್ದರು, ಅಲ್ಲೂ ಇದನ್ನೇ ಹೇಳಿದರು. ಮನುಷ್ಯ ಹೇಳೋದರಲ್ಲಿ ಮಾತಿನ ಪಾಲು ಬರೀ 7 ಪರ್ಸೆಂಟ್. ಮಿಕ್ಕ 93 ದನಿಯಲ್ಲಿ, ಮುಖದಲ್ಲಿ, ಮೈಯಲ್ಲಿ ಇರುತ್ತಂತೆ. ಹಾಗಾಗಿ ಮಾತು ಕೇಳಬೇಡಿ, ಮುಖ ನೋಡಿ.

ಐದನೇ ಪೀರಿಯಡ್ (ಚಿಕ್ಕಮಗಳೂರು):

ನಾನು ಡಿಗ್ರಿ ಹುಡುಗರಿಗೆ ಮನಶ್ಶಾಸ್ತ್ರ ಪಾಠ ಮಾಡ್ತೀನಿ. ಮಾವ ಅವರೇ, ಅಳೆದಿದ್ದಾರೆ. ಚೆನ್ನಾಗಿಯೇ ಅಳೆದಿದ್ದಾರೆ.

ಅಮೆರಿಕದ ಟೆಕ್ಸಾಸಿನ ಆರ್ಲಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಇಕೀಸ್ ಅಂತ ಒಬ್ಬ ಪ್ರೊಫೆಸರ್. 1990ರಲ್ಲಿ ಅವರೂ ಅವರ ಜೊತೆಗಾರರೂ ಒಂದು ಉಪಾಯ ಪ್ರಕಟಿಸಿದರು. ಪರಿಚಯ ಇಲ್ಲದ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನ ಕರೆದು ಒಂದು ಸೋಫಾ ಮೇಲೆ ಕೂರಿಸ್ತಾರೆ. ಸ್ಲೈಡ್ ತೋರಿಸ್ತೀವಿ ಅಂತ ಹೇಳಿ, 'ಅಯ್ಯೋ, ಪ್ರೊಜೆಕ್ಟರ್ ಬಲ್ಬ್ ಹೋಗಿದೆ, ಬೇರೆ ತರ್ತೀನಿ' ಅಂತ ಹೊರಗೆ ಹೋಗ್ತಾರೆ. ಬಲ್ಬ್ ಹೋಗಿದ್ದು ನಾಟಕ. ಆ ಐದಾರು ನಿಮಿಷ ಇಬ್ಬರೂ ಏನು ಮಾತಾಡ್ತಾರೋ ಅದನ್ನ ಕಾಣದ ಹಾಗೆ ಇಟ್ಟ ಕ್ಯಾಮೆರಾ ಹಿಡಿಯುತ್ತೆ. ಹೆಚ್ಚುಕಡಿಮೆ ನಿಮ್ಮ ಹೆಣ್ಣು ನೋಡೋ ಶಾಸ್ತ್ರವೇ, ಉಪ್ಪಿಟ್ಟು ಇಲ್ಲ ಅಷ್ಟೆ.

ಆಮೇಲೆ ನಿಜ ಹೇಳಿ, ಒಪ್ಪಿಗೆ ತಗೊಂಡು, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ವಿಡಿಯೋ ತೋರಿಸ್ತಾರೆ. ಎಲ್ಲೆಲ್ಲಿ ಏನಾದರೂ ಅನಿಸಿತ್ತೋ ಅಲ್ಲಿ ಟೇಪ್ ನಿಲ್ಲಿಸಿ, 'ಇಷ್ಟು ಹೊತ್ತಿಗೆ ನನಗೆ ಹೀಗನಿಸ್ತು' ಅಂತ ಬರೀಬೇಕು. ಮುಂದಿನ ಹಂತದಲ್ಲಿ ಎದುರಿನವರು ನಿಲ್ಲಿಸಿದ ಜಾಗದಲ್ಲೇ ನಿಮಗೆ ಟೇಪ್ ನಿಲ್ಲಿಸಿ ಕೊಡ್ತಾರೆ. ಆಗ ಅವರ ಮನಸ್ಸಲ್ಲಿ ಏನಿತ್ತು ಅಂತ ನೀವು ಊಹಿಸಿ ಬರೀಬೇಕು. ಎರಡೂ ಚೀಟಿಗಳನ್ನ ಬೇರೆಯವರು ಪಕ್ಕಪಕ್ಕ ಇಟ್ಟು ನಂಬರ್ ಹಾಕ್ತಾರೆ. ಪೂರ್ತಿ ಬೇರೆ ಆದರೆ ಸೊನ್ನೆ, ಸ್ವಲ್ಪ ಹತ್ತಿರ ಬಂದರೆ 1, ಸರಿ ಹೊಂದಿದರೆ 2.

ಹೀಗೆ ಅಳೆದಾಗ ಸಿಕ್ಕಿದ್ದು: ಅಪರಿಚಿತರು ಒಬ್ಬರನ್ನೊಬ್ಬರು ಊಹಿಸಿದರೆ ನೂರಕ್ಕೆ ಸುಮಾರು 20. ಗೆಳೆಯರು, ಗಂಡ ಹೆಂಡತಿ ಆದರೆ 30, 35ರ ಹತ್ತಿರ. 60 ದಾಟುವವರು ತೀರಾ ಅಪರೂಪ. ಪಾಸ್ ಮಾರ್ಕ್ಸ್ 35 ಅಂತಿಟ್ಟರೆ ಎಷ್ಟೋ ದಂಪತಿಗಳು ಜಸ್ಟ್ ಪಾಸ್.

ವರ್ಷ ಕಳೆದ ಹಾಗೆ ಜಾಸ್ತಿ ಆಗುತ್ತಾ ಅಂದರೆ, ಶುರುವಿನಲ್ಲಿ ಹೌದು. ಅಪರಿಚಿತರಿಗಿಂತ ಗೆಳೆಯರು ಮೇಲು. ಆದರೆ 1997ರಲ್ಲಿ ನ್ಯೂಜಿಲೆಂಡಿನ ಮದುವೆಯಾದ ಜೋಡಿಗಳನ್ನ ಪರೀಕ್ಷೆ ಮಾಡಿದಾಗ, ಮದುವೆಯಾಗಿ ಜಾಸ್ತಿ ವರ್ಷ ಆದವರ ಊಹೆ ಇನ್ನೂ ಕಡಿಮೆ ಸರಿ ಇತ್ತು. ಅದೇ ವರ್ಷದ ಇನ್ನೊಂದು ಅಧ್ಯಯನ ಸ್ವಾನ್ ಮತ್ತು ಗಿಲ್ ಅವರದು. ಪ್ರೀತಿಸುವ ಜೋಡಿಗಳಲ್ಲಿ ದಿನ ಕಳೆದಂತೆ 'ನನಗೆ ಅವಳು ಗೊತ್ತು' ಅನ್ನೋ ಧೈರ್ಯ ಏರ್ತಾ ಹೋಯ್ತು. ಊಹೆ ಆ ಲೆಕ್ಕದಲ್ಲಿ ಏರಲಿಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಯೋಚನೆ ಮಾಡಬೇಕಾದ ಜಾಗ ಇದು. ಗೊತ್ತಿಲ್ಲದಿರೋದು ದೊಡ್ಡ ತೊಂದರೆ ಅಲ್ಲ. ಗೊತ್ತಿದೆ ಅಂತ ಕೇಳೋದನ್ನೇ ಬಿಟ್ಟುಬಿಡ್ತೀವಲ್ಲ, ಅದು ತೊಂದರೆ. ಹಳೇ ಗಂಡ ಹೆಂಡತಿ 'ಏನಾಯ್ತು' ಅಂತ ಕೇಳೋದು ನೀವು ಕೊನೇ ಸಲ ಯಾವಾಗ ಕೇಳಿಸಿಕೊಂಡಿರಿ?

ಹೆಂಗಸರ ವಿಷಯ. ಕೆಲವು ಪರೀಕ್ಷೆಗಳಲ್ಲಿ ಹೆಂಗಸರು ಮುಂದಿದ್ದರು, ಕೆಲವದರಲ್ಲಿ ಇಬ್ಬರೂ ಸಮ. 2000ದಲ್ಲಿ ಇಕೀಸ್ ತಂಡ ಇದಕ್ಕೆ ಕಾರಣ ಹುಡುಕಿತು. 'ಇದು ನಿಮ್ಮ ಮನಸ್ಸು ಓದುವ ಶಕ್ತಿಯ ಪರೀಕ್ಷೆ' ಅಂತ ಗೊತ್ತಾಗುವ ಹಾಗಿದ್ದಾಗ ಮಾತ್ರ ವ್ಯತ್ಯಾಸ ಕಾಣಿಸ್ತಿತ್ತು. ಮರುವರ್ಷ ಕ್ಲೈನ್ ಮತ್ತು ಹಾಜಸ್ ಅನ್ನೋ ಇಬ್ಬರು, ಊಹೆ ಸರಿ ಆದರೆ ದುಡ್ಡು ಕೊಡ್ತೀವಿ ಅಂದರು. ಗಂಡಸರು ಹೆಂಗಸರ ಸಮಕ್ಕೆ ಬಂದರು! ಅಂದರೆ ನಮಗೆ ಆಗಲ್ಲ ಅಂತಲ್ಲ, ಮನಸ್ಸು ಮಾಡಲ್ಲ ಅಂತ. ಇದನ್ನ ನಿಮ್ಮ ಮನೆಯವರಿಗೆ ಹೇಳ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು.

ರೈಟರೇ, ಆ 93ರ ಲೆಕ್ಕ ಟ್ರೈನಿಂಗಿನವರಿಗೆ ಬಹಳ ಪ್ರೀತಿ. ಅದು 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಮಾಡಿದ ಎರಡು ಸಣ್ಣ ಪ್ರಯೋಗದಿಂದ ಬಂದದ್ದು. ಅಲ್ಲಿ ಸಂಭಾಷಣೆಯೇ ಇರಲಿಲ್ಲ. ಟೇಪಲ್ಲಿ ಬಿಡಿ ಪದಗಳನ್ನ ಬೇರೆ ಬೇರೆ ದನಿಯಲ್ಲಿ ಕೇಳಿಸಿದರು, ಒಂದರಲ್ಲಿ ಜೊತೆಗೆ ಮುಖದ ಫೋಟೋ ತೋರಿಸಿದರು. ಹೇಳಿದವರಿಗೆ ಇಷ್ಟವೋ ಕಷ್ಟವೋ, ಅಷ್ಟೇ ಕೇಳಿದ್ದು. ಎಲ್ಲ ಮಾತಿಗೂ ಇದು ಅನ್ವಯ ಆಗಲ್ಲ ಅಂತ ಆತನೇ ಹೇಳಿದ್ದಾನೆ. ಇಕೀಸ್ ಕಡೆಯವರು ವಿಡಿಯೋದ ದನಿ ತೆಗೆದು, ಚಿತ್ರ ತೆಗೆದು, ಹೀಗೆಲ್ಲ ತೋರಿಸಿ ನೋಡಿದಾಗ, ಊಹೆಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಆಗಿದ್ದು ಆಡಿದ ಮಾತೇ. ಸುಳ್ಳು ಹಿಡಿಯೋದಂತೂ ಕೇಳಲೇಬೇಡಿ. 2006ರಲ್ಲಿ ಬಾಂಡ್ ಮತ್ತು ಡಿಪಾಲೊ ನೂರಾರು ಪ್ರಯೋಗಗಳನ್ನ ಒಟ್ಟು ಹಾಕಿ ನೋಡಿದಾಗ ಸರಾಸರಿ 54 ಬಂತು. ಕಾಸು ಚಿಮ್ಮಿ ಹೇಳಿದರೆ 50 ಬರುತ್ತೆ.

ಎಸ್ಟೇಟ್ ರೈಟರು (ಮೂಡಿಗೆರೆ):

ಮೇಡಂ, ಹಾಗಾದರೆ ನಾಳೆ ಯಾರು ಬರಲ್ಲ ಅಂತ ನಾನು ಹೇಳೋದು ಸರಿ ಆಗುತ್ತಲ್ಲ, ಅದು ಹೇಗೆ?

ಐದನೇ ಪೀರಿಯಡ್ (ಚಿಕ್ಕಮಗಳೂರು):

ನಾಳೆ ಯಾರ ಊರಲ್ಲಿ ಜಾತ್ರೆ, ಯಾರ ಮನೆಯಲ್ಲಿ ಮಗುವಿಗೆ ಜ್ವರ, ಯಾರು ಅಡ್ವಾನ್ಸ್ ಕೇಳಿ ಸಿಗದೆ ಹೋದರು, ಇವೆಲ್ಲ ನಿಮಗೆ ಮೊದಲೇ ಗೊತ್ತಿರುತ್ತೆ. ಹೆಸರು ಮಾತ್ರ ಮುಖಕ್ಕೆ ಬರುತ್ತೆ. ನಿಮಗೆ ಗೊತ್ತಿಲ್ಲದ ಎಸ್ಟೇಟಿಗೆ ಹೋಗಿ ಹೇಳಿ ನೋಡೋಣ.

ಸಾಲಗಾಮೆ ರಸ್ತೆ ಮಾವ (ಹಾಸನ):

ಮೇಡಂ, ಧನ್ಯವಾದ. ನಿಮ್ಮ ಲೆಕ್ಕದಲ್ಲಿ ನಮ್ಮ ಕಾರಿಗೆ ಅಕ್ಕ ಸೊನ್ನೆ, ಭಾವ ಸೊನ್ನೆ, ಮನೆಯವಳು ಸೊನ್ನೆ. ಹುಡುಗನ ಊಹೆಗೆ ನಂಬರ್ ಹೇಗೆ ಹಾಕೋದು ತಿಳೀತಿಲ್ಲ. ಕೇಸರಿಬಾತ್ ತಿಂದದ್ದರಲ್ಲೇ ತನ್ನ ಒಪ್ಪಿಗೆ ಗೊತ್ತಾಗಿರುತ್ತೆ ಅಂತ ಅವನು ಹೇಗೆ ತಿಳಿದ ಅನ್ನೋದೇ ನನಗೆ ಆಶ್ಚರ್ಯ.

ಐದನೇ ಪೀರಿಯಡ್ (ಚಿಕ್ಕಮಗಳೂರು):

ಅವನೊಬ್ಬನೇ ಅಲ್ಲ. ನಮ್ಮ ಮನಸ್ಸು ನಮಗೆ ಜೋರಾಗಿ ಕೇಳಿಸುತ್ತಲ್ಲ, ಹೊರಗೂ ಕೇಳಿಸ್ತಿದೆ ಅನ್ಕೋತೀವಿ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋ ವಿದ್ಯಾರ್ಥಿನಿ ಜನರಿಗೆ ಗೊತ್ತಿರೋ ಹಾಡುಗಳ ತಾಳವನ್ನ ಬೆರಳಲ್ಲಿ ಟೇಬಲ್ ಮೇಲೆ ಕುಟ್ಟಿಸಿದಳು. ಕೇಳಿದವರು ಹಾಡು ಯಾವುದು ಅಂತ ಹೇಳಬೇಕು. ಕುಟ್ಟಿದವರು ಅರ್ಧದಷ್ಟು ಹಾಡು ಗೊತ್ತಾಗುತ್ತೆ ಅಂದರು. 120ರಲ್ಲಿ ಗೊತ್ತಾಗಿದ್ದು 3. ಕುಟ್ಟುವವರ ತಲೆಯಲ್ಲಿ ಪೂರ್ತಿ ವಾದ್ಯ ನಡೀತಿರುತ್ತೆ, ಕೇಳುವವರಿಗೆ ಬರೀ ಟಕ್ ಟಕ್. ಇವತ್ತು ರಾತ್ರಿ ಊಟದ ಟೇಬಲ್ ಮೇಲೆ ಮಾಡಿ ನೋಡಿ. 'ಇಷ್ಟೂ ಗೊತ್ತಾಗಲ್ವಾ' ಅಂತ ಕುಟ್ಟುವವರಿಗೆ ಸಿಟ್ಟು ಬರೋದು ಗ್ಯಾರಂಟಿ.

ಹಾನಬಾಳು ಸೊಸೆ (ಸಕಲೇಶಪುರ):

ಮೇಡಂ ಹೇಳೋದು ಓದಿದರೆ, ಊಹೆ ಬಿಡಿ, ಕೇಳಿಬಿಡಿ ಅನ್ನೋ ಹಾಗಿದೆ. ನಮ್ಮ ಮನೆಗಳಲ್ಲಿ ಕೇಳೋದು ಅಷ್ಟು ಸುಲಭನಾ? ನಮ್ಮ ಅತ್ತೆ ಬೆಳಗ್ಗೆ ಪಾತ್ರೆ ಸದ್ದು ಮಾಡ್ತಾ ಇಟ್ಟರೆ, 'ಅತ್ತೆ, ಏನಾದರೂ ಬೇಜಾರಾ?' ಅಂತ ಕೇಳ್ತೀನಿ. 'ಏನಿಲ್ಲಮ್ಮ' ಅಂತಾರೆ. ಸಂಜೆ ಅವರ ತಂಗಿಗೆ ಫೋನಲ್ಲಿ ಅಷ್ಟೂ ಹೇಳ್ತಾರೆ. ಆಮೇಲೆ ಕೇಳಿದ್ದೇ ತಪ್ಪು ಅನಿಸುತ್ತೆ. ನಮ್ಮ ಯಜಮಾನರಿಗೆ ಇದೆಲ್ಲ ಗೊತ್ತೇ ಆಗಲ್ಲ. ಅಥವಾ ಗೊತ್ತಾಗದ ಹಾಗೆ ಇರ್ತಾರಾ? ನನಗಂತೂ ಎರಡನೆಯದೇ ಅನುಮಾನ.

ಮತ್ತೆ ಇನ್ನೊಂದು. ಹಾಸನಾಂಬೆ ಹುಂಡಿ ತೆಗೆದಾಗ ಪ್ರತಿ ವರ್ಷ ಪತ್ರಗಳು ಸಿಗ್ತವಲ್ಲ. ಕೆಲಸ ಕೊಡಿಸು, ಪ್ರೀತಿಸಿದವರ ಜೊತೆ ಮದುವೆ ಮಾಡಿಸು, ಅತ್ತೆ ಕಾಟ ತಪ್ಪಿಸು ಅಂತ. ದೇವಿಗೇ ಬಿಡಿಸಿ ಬರೆದು ಹಾಕ್ತೀವಿ. ಒಂದೇ ಮನೆಯಲ್ಲಿ ಇರೋರು ಮಾತ್ರ ನಾವು ಹೇಳದೆ ತಿಳ್ಕೋಬೇಕು ಅಂತೀವಿ. ಅದೇ ಗುಡಿಯಲ್ಲಿ ಸೊಸೆ ಕಲ್ಲೂ ಇದೆ, ವರ್ಷಕ್ಕೆ ಅಕ್ಕಿಕಾಳಿನಷ್ಟು ಜರುಗುತ್ತೆ ಅಂತಾರೆ. ನಮ್ಮ ಮನೆ ಮಾತುಕತೆಯೂ ಅದೇ ಸ್ಪೀಡು.

ಜೋಡೆತ್ತು (ಚನ್ನರಾಯಪಟ್ಟಣ):

ಮಾವನವರೇ, ನಿಮ್ಮ ಭಾವನಿಗೆ ಇದನ್ನ ಹೇಳಿ. ನಾನು ಬೂಕನಬೆಟ್ಟದ ದನದ ಜಾತ್ರೆಗೆ ಅಪ್ಪನ ಕಾಲದಿಂದ ಹೋಗ್ತಿದ್ದೀನಿ. ಅಲ್ಲಿ ದಲ್ಲಾಳಿಗಳು ಮುಖ ನೋಡಿ ರೇಟು ಕಟ್ಟಲ್ಲ. ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಲೆಕ್ಕ ಹೇಳ್ತಾರೆ. ಬೆರಳು ಹಿಡಿಯುವಾಗ ಇಬ್ಬರೂ ಬೇರೆ ಕಡೆ ನೋಡ್ತಾ ಇರ್ತಾರೆ, ಒಬ್ಬ ಬೀಡಿ ಸೇದ್ತಾ ಇರ್ತಾನೆ. ಮುಖದಲ್ಲಿ ಏನೂ ಇರಲ್ಲ. ವ್ಯಾಪಾರ ಬಲ್ಲವನು ಮುಖದಲ್ಲಿ ಏನಾದರೂ ಬಿಟ್ಟುಕೊಡ್ತಾನಾ? ಬೆರಳು ಸುಳ್ಳು ಹೇಳಲ್ಲ, ಯಾಕಂದರೆ ಅದು ಲೆಕ್ಕ, ಊಹೆ ಅಲ್ಲ.

ಐದನೇ ಪೀರಿಯಡ್ (ಚಿಕ್ಕಮಗಳೂರು):

ಜೋಡೆತ್ತು ಅವರೇ, ಇದನ್ನ ನಾಳೆ ಕ್ಲಾಸಲ್ಲಿ ಹೇಳ್ತೀನಿ.

ಹಾನಬಾಳು ಸೊಸೆ, ನಿಮ್ಮ ಅನುಮಾನಕ್ಕೆ ಆಧಾರ ಇದೆ. 1995ರಲ್ಲಿ ಸಿಂಪ್ಸನ್, ಇಕೀಸ್, ಬ್ಲ್ಯಾಕ್‌ಸ್ಟೋನ್ ಅನ್ನೋರು ಪ್ರೀತಿಸುವ ಜೋಡಿಗಳಿಗೆ ಚೆಂದದ ಹುಡುಗ ಹುಡುಗಿಯರ ಫೋಟೋ ತೋರಿಸಿ, ಒಬ್ಬರ ಎದುರೇ ಇನ್ನೊಬ್ಬರಿಂದ ಮಾರ್ಕ್ಸ್ ಹಾಕಿಸಿದರು. ಆಮೇಲೆ 'ನಿನ್ನ ಜೊತೆಯವರಿಗೆ ಆಗ ಏನನಿಸಿತ್ತು' ಅಂತ ಕೇಳಿದರು. ಸಂಬಂಧಕ್ಕೆ ಪೆಟ್ಟು ಬೀಳುವ ಭಯ ಯಾರಿಗೆ ಜಾಸ್ತಿ ಇತ್ತೋ ಅವರ ಊಹೆಯೇ ಎಲ್ಲರಿಗಿಂತ ಕೆಟ್ಟದಾಗಿತ್ತು. ಕಣ್ಣೆದುರೇ ನಡೆದದ್ದು, ಆದರೂ. ನಾಲ್ಕು ತಿಂಗಳಾದ ಮೇಲೆ ವಿಚಾರಿಸಿದರೆ ಆ ಗುಂಪಿನ ಜೋಡಿಗಳು ಒಟ್ಟಿಗೇ ಇದ್ದರು. ನಿಮ್ಮ ಯಜಮಾನರು ಪಾತ್ರೆ ಸದ್ದು ಕೇಳಿಸಿಕೊಳ್ಳದೆ ಇರೋದು ಮನೆ ಉಳಿಸೋ ಕೆಲಸವೇ ಇರಬಹುದು. ಅದಕ್ಕೆ ನೀವು ಒಪ್ಪಬೇಕು ಅಂತ ನಾನು ಹೇಳ್ತಿಲ್ಲ. ಅವರ ಅಮ್ಮ, ಅವರೂ ಸ್ವಲ್ಪ ಕೇಳಿಸ್ಕೊಳ್ಳಲಿ.

ಕೇಳೋದು ಕಷ್ಟ ಅನ್ನೋದನ್ನ ಒಪ್ಪುತ್ತೇನೆ. ಆದರೆ ಬೇರೆ ದಾರಿಗಳು ಇನ್ನೂ ಕೆಟ್ಟದು. 'ಅವರ ಜಾಗದಲ್ಲಿ ನಿಂತು ಯೋಚನೆ ಮಾಡು' ಅಂತ ಎಲ್ಲರೂ ಉಪದೇಶ ಮಾಡ್ತಾರಲ್ಲ, 2018ರಲ್ಲಿ ಎಯಾಲ್, ಸ್ಟೆಫೆಲ್, ಎಪ್ಲಿ ಅನ್ನೋ ಮೂವರು 25 ಪ್ರಯೋಗಗಳಲ್ಲಿ ಅದನ್ನ ಪರೀಕ್ಷೆ ಮಾಡಿದರು. ಹಾಗೆ ಯೋಚನೆ ಮಾಡಿದವರ ಊಹೆ ಸುಧಾರಿಸಲಿಲ್ಲ. ಊಹೆ ಸುಧಾರಿಸಿದ್ದು ಅವರನ್ನೇ ಮಾತಾಡಿಸಿದಾಗ. ಇಲ್ಲಿ ನನ್ನ ಸ್ವಂತ ಅಭಿಪ್ರಾಯ ಒಂದು ಸೇರಿಸ್ತೀನಿ: 'ಬೇಜಾರಾ?' ಅಂತ ಕೇಳಿದರೆ 'ಏನಿಲ್ಲ' ಅನ್ನೋದೇ ಬರೋದು. ಅದು ಮನಸ್ಸಿನ ಬಗ್ಗೆ ಪ್ರಶ್ನೆ, ಉತ್ತರ ಕೊಟ್ಟರೆ ಜಗಳ. 'ನಿನ್ನೆ ಸಾರು ಬೇಗ ಮಾಡಬೇಕಿತ್ತಾ?' ಅಂತ ಒಂದು ಕೆಲಸದ ಬಗ್ಗೆ ಕೇಳಿ. ಅದಕ್ಕೆ ಅವರು ಇಲ್ಲ ಅನ್ನೋದಾದರೂ ಯಾಕೆ ಇಲ್ಲ ಅಂತ ಹೇಳ್ತಾರೆ.

ಸಾಲಗಾಮೆ ರಸ್ತೆ ಮಾವ (ಹಾಸನ):

ಇದು ನಿಜ ಅನಿಸ್ತು. ಬ್ರೋಕರ್ ಫೋನ್ ಬಂದ ಮೇಲೆ ಅಕ್ಕ ಹುಡುಗಿ ತಾಯಿಗೆ ತಾನೇ ಫೋನ್ ಮಾಡಿದಳು. ಸಂಬಂಧದ ಮಾತು ಎತ್ತಲೇ ಇಲ್ಲ. 'ಕರು ಹುಷಾರಾಗಿದೆಯಾ?' ಅಂತ ಕೇಳಿದಳು. ಹುಷಾರಾಗಿದೆಯಂತೆ, ಹೆಣ್ಣು ಕರುವಂತೆ. ಗಿಣ್ಣು ಹಾಲಿಂದ ಶುರುವಾಗಿ ಹುಲ್ಲಿನ ರೇಟಿನವರೆಗೆ ಬಂತು ಮಾತು. ಕೊನೆಗೆ ಅವರೇ, 'ನಿಮ್ಮ ಹುಡುಗನಿಗೆ ಮೊಬೈಲ್ ಬಿಟ್ಟರೆ ಬೇರೆ ಏನಿಷ್ಟ?' ಅಂತ ಕೇಳಿದರಂತೆ. ಆ ಪ್ರಶ್ನೆಗೆ ಈಗ ಮನೆಯಲ್ಲಿ ಮೂರು ಅರ್ಥ ಓಡ್ತಿದೆ.

ಎಸ್ಟೇಟ್ ರೈಟರು (ಮೂಡಿಗೆರೆ):

ಫೋನಲ್ಲಿ ಮುಖ ಕಾಣಲ್ಲ, ಆದರೂ ಸರಿ ಆಯ್ತಲ್ಲ. ವಿಡಿಯೋ ಕಾಲ್ ಮಾಡಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗ್ತಿತ್ತಾ ಮೇಡಂ?

ಐದನೇ ಪೀರಿಯಡ್ (ಚಿಕ್ಕಮಗಳೂರು):

ಬೇಕಾಗಿರಲಿಲ್ಲ. 2017ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೈಕೆಲ್ ಕ್ರೌಸ್ ಐದು ಪ್ರಯೋಗ ಮಾಡಿ, ಬರೀ ದನಿ ಕೇಳಿದವರು ಮುಖ ಮತ್ತು ದನಿ ಎರಡೂ ಸಿಕ್ಕವರಿಗಿಂತ ಭಾವನೆಗಳನ್ನ ಚೆನ್ನಾಗಿ ಹಿಡಿದರು ಅಂತ ತೋರಿಸಿದರು. ಮುಖವನ್ನ ನಾವು ಬೇಕಾದ ಹಾಗೆ ಇಟ್ಟುಕೊಳ್ಳಬಹುದು. ದನಿ ಅಷ್ಟು ಮಾತು ಕೇಳಲ್ಲ. ನೋಡೋಕೆ ಏನೂ ಇಲ್ಲದಿದ್ದರೆ ಕೇಳಿಸಿಕೊಳ್ಳೋದು ಜಾಸ್ತಿ ಆಗುತ್ತೆ.

ಸಾಲಗಾಮೆ ರಸ್ತೆ ಮಾವ (ಹಾಸನ):

ಇದನ್ನೆಲ್ಲ ಭಾವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. 'ಆ ಮೇಡಂ ಯಾವತ್ತಾದರೂ ಮಂಡಿಯಲ್ಲಿ ಕೂತಿದ್ದಾರಾ ಕೇಳು' ಅಂದರು. ಇಷ್ಟು ವರ್ಷ ಇದೇ ಕೆಲಸ ಮಾಡಿದವನಿಗೆ ಕಾಲೇಜು ಲೆಕ್ಕ ಹೊಂದಲ್ಲ ಅಂತಾರೆ.

ಐದನೇ ಪೀರಿಯಡ್ (ಚಿಕ್ಕಮಗಳೂರು):

ಕೂತಿಲ್ಲ. ಆದರೆ ಅಭ್ಯಾಸದಿಂದ ಊಹೆ ಸುಧಾರಿಸುತ್ತೆ ಅನ್ನೋದನ್ನ ನಾನು ಅಲ್ಲಗಳೆಯಲ್ಲ. 1995ರಲ್ಲೇ ಇದನ್ನೂ ನೋಡಿದ್ದಾರೆ. ಆಪ್ತಸಲಹೆಗೆ ಬಂದವರ ವಿಡಿಯೋ ತೋರಿಸಿ, ಪ್ರತಿ ಊಹೆ ಆದ ಮೇಲೆ 'ಅವರಿಗೆ ನಿಜವಾಗಿ ಅನಿಸಿದ್ದು ಇದು' ಅಂತ ಉತ್ತರ ಹೇಳ್ತಾ ಹೋದರೆ ನೋಡುವವರು ಸುಧಾರಿಸಿದರು. ಉತ್ತರ ಸಿಗಬೇಕು, ಅದು ಮುಖ್ಯ. ನಿಮ್ಮ ಭಾವನಿಗೆ ಉತ್ತರ ಸಿಗುತ್ತಾ? ರೈತ 1,500ಕ್ಕೆ ಒಪ್ಪಿ ಮೂಟೆ ಹೊತ್ತುಕೊಂಡು ಹೋದ ಅಂದುಕೊಳ್ಳಿ. ಅವನು 1,700 ಕೊಡೋಕೂ ರೆಡಿ ಇದ್ದನಾ, 1,500ಕ್ಕೇ ಅಳುತ್ತಾ ಒಪ್ಪಿದನಾ, ಅದು ಭಾವನಿಗೆ ಯಾವತ್ತೂ ತಿಳಿಯಲ್ಲ. ವ್ಯಾಪಾರ ಆಯ್ತು, ಊಹೆ ಸರಿ ಅಂತ ಬರ್ಕೋತಾರೆ. ಆಗದೇ ಹೋದರೆ ರೈತ ಜಿಪುಣ.

ಮೇ ತಿಂಗಳಲ್ಲಿ ಜಲಂಧರದ ಬಿತ್ತನೆ ಗಡ್ಡೆ ಬರುತ್ತಲ್ಲ, ಆಗ ನನಗೆ ರಜೆ. ನಾನು ಬರ್ತೀನಿ. ರೈತರು ಒಳಗೆ ಬರೋ ಮೊದಲು ತಮ್ಮ ಕಡೇ ರೇಟನ್ನ ಒಂದು ಚೀಟಿಯಲ್ಲಿ ಬರೆದು ಮಡಚಿ ಕೊಡಲಿ. ಭಾವ ಮುಖ ನೋಡಿ ತಮ್ಮ ಊಹೆ ಬರೀಲಿ. ರೈತರು ಒಪ್ತಾರಾ ಅನ್ನೋದು ಬೇರೆ ವಿಷಯ, ಕೇಳಿ ನೋಡೋಣ. ಎರಡೂ ಚೀಟಿ ನನ್ನ ಹತ್ತಿರ ಇರಬೇಕು, ಚೌಕಾಸಿ ಮುಗಿಯೋವರೆಗೂ ಯಾರೂ ಬಿಚ್ಚೋ ಹಾಗಿಲ್ಲ. ಭಾವ ಪೆನ್ನಲ್ಲೇ ಬರೀಬೇಕು, ಪೆನ್ಸಿಲ್ ನಡೆಯಲ್ಲ.